ಕೂಡಲಸಂಗಮದಲ್ಲಿ ಅಶಕ್ತ ಹಿರಿಯರ ಸ್ನಾನ

ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲೂಕಿನಲ್ಲಿ ಕೃಷ್ಣೆಯೂ ಮಲಪ್ರಭೆಯೂ ಒಂದಾಗುವ ಎಡೆಯೇ ಕೂಡಲಸಂಗಮ. ವಿಶ್ವಗುರು ಬಸವಣ್ಣನವರು ವಿದ್ಯೆ ಪಡೆದ, ಕೊನೆಗೆ ಲಿಂಗೈಕ್ಯರಾದ ಈ ಪುಣ್ಯಭೂಮಿಯನ್ನು ಒಮ್ಮೆಯಾದರೂ ಕಾಣಬೇಕೆಂಬ ಹಂಬಲ ನಮ್ಮ ಹಿರಿಯರಲ್ಲಿ ಸಹಜವಾದುದು. ಮೊಣಕಾಲು ಸೋತವರಿಗೂ ಪಾರ್ಶ್ವವಾಯು ಪೀಡಿತರಿಗೂ ಆ ಹಂಬಲ ಕಡಿಮೆಯೇನಿಲ್ಲ. ಅವರನ್ನು ಕರೆತರುವ ಕುಟುಂಬಕ್ಕೆ ಮೊದಲು ಎದುರಾಗುವುದು ಸ್ನಾನದ ಪ್ರಶ್ನೆ.

ನಾರಾಯಣಪುರದಲ್ಲಿ 1982ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿನ್ನೀರು ಸಂಗಮದವರೆಗೂ ಹಬ್ಬುತ್ತದೆ. ಐಕ್ಯಸ್ಥಳ ಮುಳುಗದಂತೆ ಸುತ್ತಲೂ ಬಾವಿಯಾಕಾರದ ಎತ್ತರದ ಗೋಡೆ ಕಟ್ಟಲಾಗಿದ್ದು, ಮೆಟ್ಟಿಲುಗಳನ್ನಿಳಿದು ಮಂಟಪವನ್ನು ಸೇರಬೇಕು. ಇಳಿಯಲಾರದವರು ಮೇಲಿನಿಂದಲೇ ಶರಣು ಸಲ್ಲಿಸಬಹುದು. ನದಿಗೂ ಮೆಟ್ಟಿಲುಗಳೇ ದಾರಿ. ನೀರು ಏರಿಳಿಯುವ ಕೆಳಗಿನ ಮೆಟ್ಟಿಲುಗಳಿಗೆ ಪಾಚಿ, ಕೆಸರು ಹಿಡಿಯುತ್ತವೆ. ಅಲ್ಲಿ ಗಾಲಿಕುರ್ಚಿಯನ್ನು ಇಳಿಸುವುದಾಗಲಿ, ಹಿರಿಯರನ್ನು ಹೊತ್ತು ಇಳಿಯುವುದಾಗಲಿ ಸಲ್ಲದು. ಹೊತ್ತವರ ಕಾಲು ಜಾರಿದರೆ ಇಬ್ಬರೂ ಬೀಳುತ್ತಾರೆ. ಇಳಿವಯಸ್ಸಿನಲ್ಲಿ ಸೊಂಟದ ಎಲುಬು ಮುರಿದರೆ ಮತ್ತೆ ಎದ್ದು ನಡೆಯುವುದು ಬಹಳ ಕಷ್ಟ. ನದಿಯ ನೀರೇ ಬೇಕೆಂದು ಅವರು ಬಯಸಿದರೆ, ಮೇಲಿನ ಒಣನೆಲದಲ್ಲಿ ಕುರ್ಚಿಯಲ್ಲಿ ಕೂರಿಸಿ, ಕೊಡದಲ್ಲಿ ನೀರು ತಂದು ಪಾದಗಳಿಗೆ ಎರೆಯಬಹುದು. ಕಾಲಿನಲ್ಲಿ ಹುಣ್ಣಿರುವವರಿಗೆ ಅದೂ ಬೇಡ.

ಪೂರ್ಣ ಸ್ನಾನಕ್ಕೆ ತಂಗುವ ಕೋಣೆಯ ಬಚ್ಚಲೇ ಯೋಗ್ಯ. ಕೋಣೆ ಗೊತ್ತುಮಾಡುವ ಮುನ್ನ ನೆಲ ಅಂತಸ್ತಿನಲ್ಲಿದೆಯೇ, ಬಚ್ಚಲಿನ ಹೊಸ್ತಿಲು ಎಷ್ಟೆತ್ತರ, ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಯುವುದೇ ಎಂದು ಕೇಳಿ ತಿಳಿಯಬೇಕು. ತಗ್ಗಿನ ಮಣೆಯಿಂದ ಏಳುವುದು ಸೋತ ಮೊಣಕಾಲಿಗೆ ಅಸಾಧ್ಯ. ಸುಮಾರು ಒಂದೂವರೆ ಅಡಿ ಎತ್ತರದ, ಕೈಗಳುಳ್ಳ ಗಟ್ಟಿ ಕುರ್ಚಿಯನ್ನು ಇರಿಸಬೇಕು. ಅದರಡಿ ಜಾರದ ರಬ್ಬರ್ ಚಾಪೆ ಹಾಸಬೇಕು. ನಲ್ಲಿಯನ್ನೂ ಟವೆಲ್ ಕಂಬಿಯನ್ನೂ ಆಸರೆಯೆಂದು ನಂಬಬಾರದು. ಅವು ಮೈಭಾರ ತಾಳಲಾರವು. ಬಕೆಟ್ಟನ್ನು ಸ್ಟೂಲಿನ ಮೇಲಿಟ್ಟರೆ ಹಿರಿಯರು ಬಾಗದೆ ತಾವೇ ನೀರು ಹೊಯ್ದುಕೊಳ್ಳಬಲ್ಲರು. ತಣ್ಣೀರಿಗೆ ಬಿಸಿನೀರು ಬೆರೆಸಿ, ಹದವನ್ನು ನೆರವಾಗುವವರೇ ನೋಡಬೇಕು. ಸ್ಪರ್ಶಜ್ಞಾನ ಕುಂದಿದ ಅಂಗಕ್ಕೆ ಸುಡುವುದೂ ತಿಳಿಯದು. ಒಳಚಿಲಕ ಹಾಕಿಸದೆ, ಮರ್ಯಾದೆಗೆ ಕುಂದಾಗದಂತೆ ಒಬ್ಬರು ಹೊರಗೆ ಕಾದಿರಬೇಕು. ಬಟ್ಟೆ ತೊಡಿಸುವಾಗ ಮೊದಲು ಸ್ವಾಧೀನವಿಲ್ಲದ ಕೈಗೆ, ಕಳಚುವಾಗ ಅದಕ್ಕೆ ಕೊನೆಗೆ.

ಪ್ರಯಾಣದಿಂದ ಬಳಲಿ ಕೂರಲೂ ಆಗದವರಿಗೆ ಹಾಸಿಗೆಯಲ್ಲಿಯೇ ಬೆಚ್ಚನೆಯ ಒದ್ದೆಬಟ್ಟೆಯಿಂದ ಮೈಯೊರೆಸಬಹುದು. ಒಂದೊಂದೇ ಅಂಗವನ್ನು ಒರೆಸಿ, ಉಳಿದ ಮೈಗೆ ಹೊದಿಕೆಯಿರಲಿ. ಆಗ ಬೆನ್ನು, ಹಿಮ್ಮಡಿಗಳು ಕೆಂಪೇರಿವೆಯೇ ಎಂದು ನೋಡುವುದು ಅಗತ್ಯ. ಹಾಸಿಗೆ ಹುಣ್ಣು ಹಾಗೆಯೇ ಆರಂಭವಾಗುತ್ತದೆ.

ನದಿಯಲ್ಲಿ ಮುಳುಗದಿದ್ದರೆ ಯಾತ್ರೆ ಅಪೂರ್ಣವೆಂಬ ಕೊರಗು ಯಾರಿಗೂ ಬೇಡ. ಶರಣರು ತೀರ್ಥಸ್ನಾನಕ್ಕಿಂತ ಅಂತರಂಗ ಬಹಿರಂಗಗಳ ಶುದ್ಧಿಯನ್ನೇ ಹಿರಿದೆಂದರು. ಬಚ್ಚಲಲ್ಲಿ ಮಿಂದು, ವಿಭೂತಿ ಧರಿಸಿ, ಕುರ್ಚಿಯಲ್ಲಿಯೇ ಕುಳಿತು ಮಾಡುವ ಇಷ್ಟಲಿಂಗ ಪೂಜೆಗೆ ಯಾವ ಕೊರತೆಯೂ ಇಲ್ಲ. ಎಡಗೈ ನಡುಗುವ ತಾಯಿಗೆ ಮಗನೋ ಸೊಸೆಯೋ ಕೆಳಗಿನಿಂದ ಕೈಯಾಸರೆ ನೀಡಿದರೆ ಅದೂ ಪೂಜೆಯ ಭಾಗವೇ.

ಸಾರ್ವಜನಿಕ ಕಟ್ಟಡಗಳು ವಿಕಲಚೇತನರಿಗೆ ಸುಗಮವಾಗಿರಬೇಕೆಂದು 2016ರ ಕಾಯ್ದೆಯೂ ವಿಧಿಸಿದೆ. ಯಾತ್ರಾಸ್ಥಳಗಳಲ್ಲಿ ಕೋಣೆ ಕಟ್ಟಿಸುವ ದಾನಿಗಳು ಒಂದು ಬಚ್ಚಲಿಗಾದರೂ ಹೊಸ್ತಿಲು ತಗ್ಗಿಸಿ, ಗೋಡೆಗೆ ಹಿಡಿಗಂಬಿ ಹಾಕಿಸಲಿ. ಬಸವಣ್ಣನವರ ನೆಲದಲ್ಲಿ ಅದೂ ದಾಸೋಹವೇ ಸರಿ.