ನಾಲ್ಕು ಬದಿ ಸಮ ಇದ್ದರೆ ಚೌಕ ಆಗ್ತದೇನು?

ಇಳಕಲ್ಲಿನ ನಮ್ಮ ಮನೆಯಲ್ಲಿ ಆಕಾರಗಳು ಪುಸ್ತಕಕ್ಕಿಂತ ಮೊದಲು ಸೀರೆಯಲ್ಲಿ ಬಂದವು. ಸೆರಗಿನ ಕೆಂಪು ರೇಷ್ಮೆಯ ಮೇಲೆ ಬಿಳಿ ತೋಪುತೆನಿ, ಹಣಿಗಿ, ರಂಪ. ತೋಪುತೆನಿ ಜೋಳದ ತೆನೆಯಂತೆ, ಹಣಿಗಿ ಬಾಚಣಿಗೆಯ ಹಲ್ಲಿನಂತೆ, ರಂಪ ಗುಡ್ಡದ ಸಾಲಿನಂತೆ. ಒಡಲಲ್ಲಿ ಚೌಕಡಿ. ಅಕ್ಷರ ಕಲಿಯುವ ಮೊದಲೇ ಇವನ್ನು ಗುರುತು ಹಿಡಿಯುತ್ತಿದ್ದೆವು.

ಕಷ್ಟವಾದದ್ದು ಹೇಳುವಾಗ. ಶಾಲೆಯ ಹಲಗೆ ಮೇಲೆ ತ್ರಿಭುಜ ಯಾವಾಗಲೂ ತುದಿ ಮೇಲೆ ಮಾಡಿಕೊಂಡೇ ಕೂತಿರುತ್ತಿತ್ತು. ತಲೆಕೆಳಗು ಬರೆದರೆ "ಇದು ತ್ರಿಭುಜ ಅಲ್ರಿ" ಎನ್ನುತ್ತಿದ್ದೆವು. ಚೌಕವನ್ನು ಮೂಲೆ ಮೇಲೆ ನಿಲ್ಲಿಸಿದರೆ ಅದಕ್ಕೆ ಬೇರೆ ಹೆಸರು ಹುಡುಕುತ್ತಿದ್ದೆವು. ನಾವು ನೋಡಿದ್ದು ಅದು ಕೂತ ರೀತಿಯನ್ನು. ಬದಿ ಎಷ್ಟು, ಮೂಲೆ ಹೇಗಿವೆ ಎಂದು ಎಣಿಸಿರಲಿಲ್ಲ.

ಅಜ್ಜಿ ಮಾತ್ರ ಎಣಿಸುತ್ತಿದ್ದಳು. ಕಸೂತಿ ಹಾಕುವಾಗ ಬಟ್ಟೆ ಮೇಲೆ ಗೆರೆ ಎಳೆಯುವುದಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚುವುದು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ. ಆದರೂ "ನನಗ ಲೆಕ್ಕ ಬರೂದಿಲ್ಲವ್ವಾ" ಎನ್ನುತ್ತಿದ್ದಳು.

ಈ ಎಣಿಕೆಯ ಬೆಲೆ ಗೊತ್ತಾದದ್ದು ಹುನಗುಂದ ಕಡೆಯ ನಮ್ಮ ಹಿತ್ತಲು ಪಾಲಾದಾಗ. ದೊಡ್ಡಪ್ಪ, ಅಪ್ಪ ಇಬ್ಬರೂ ಹಗ್ಗ ಹಿಡಿದು ಅಳೆದರು. ಎರಡೂ ಪಾಲಿಗೆ ನಾಲ್ಕೂ ಬದಿ 33 ಅಡಿ. 33 ಅಡಿಯ ಚೌಕ ಅಂದರೆ 1089 ಚದರ ಅಡಿ, ಸರಿಯಾಗಿ ಒಂದು ಗುಂಟೆ. ಎಲ್ಲರೂ ಒಪ್ಪಿದರು. ಅವ್ವ ಒಬ್ಬಳೇ, "ನಮ್ಮದು ಸಣ್ಣದ ಕಾಣ್ತದ" ಎಂದಳು. "ಬದಿ ಸಮ ಅದಾವಲ್ಲ, ಮತ್ತೇನು?" ಎಂದು ಆಕೆಯ ಬಾಯಿ ಮುಚ್ಚಿಸಿದರು. ನಮ್ಮ ಪಾಲು ಓಣಿಯ ಗುಂಟ ಸ್ವಲ್ಪ ವಾಲಿತ್ತು.

ಅಂದು ರಾತ್ರಿ ಹೊರಸಿನ ಮೇಲೆ ಕೂತಾಗ ನಮಗೆ ಹೊಳೆಯಿತು. ಕೀಲು ಸಡಿಲಾದ ಹೊರಸನ್ನು ಒಂದು ಮೂಲೆಯಿಂದ ನೂಕಿದರೆ ಅದು ವಾಲುತ್ತದೆ. ನಾಲ್ಕೂ ಕಟ್ಟಿಗೆಯ ಉದ್ದ ಅಷ್ಟೇ ಇರುತ್ತದೆ, ಮಲಗುವ ಜಾಗ ಮಾತ್ರ ಕಡಿಮೆಯಾಗುತ್ತದೆ. ಚೌಕ ವಜ್ರಾಕೃತಿಯಾಗುತ್ತದೆ.

ಮರುದಿನ ಮೂಲೆಯಿಂದ ಎದುರು ಮೂಲೆಗೆ ಹಗ್ಗ ಹಿಡಿದೆವು. ದೊಡ್ಡಪ್ಪನ ಪಾಲಿನಲ್ಲಿ ಎರಡೂ ಕಡೆ 46 ಅಡಿ 8 ಇಂಚು. ನಮ್ಮದರಲ್ಲಿ ಒಂದು ಕಡೆ 33 ಅಡಿ, ಇನ್ನೊಂದು ಕಡೆ 57 ಅಡಿ 2 ಇಂಚು. ಇವೆರಡನ್ನು ಗುಣಿಸಿ ಅರ್ಧ ಮಾಡಿದರೆ ಸುಮಾರು 943 ಚದರ ಅಡಿ. 146 ಅಡಿ ಕಡಿಮೆ! 12 ಅಡಿ ಉದ್ದಗಲದ ಒಂದು ಕೋಣೆಯಷ್ಟು ಜಾಗ.

ದೊಡ್ಡಪ್ಪ ತಾವೇ ಹಗ್ಗ ಹಿಡಿದು ಮತ್ತೊಮ್ಮೆ ಅಳೆದರು. ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಆಕಿ ಹೇಳಿದ್ದು ಖರೆ ಐತಿ" ಎಂದು ಗೂಟ ಸರಿಸಿದರು. ಮೋಸ ಯಾರೂ ಮಾಡಿರಲಿಲ್ಲ. ಚೌಕ ಎಂದರೆ ಏನು ಎಂಬುದನ್ನು ಎಲ್ಲರೂ ಅರ್ಧವೇ ಹೇಳಿದ್ದರು. ನಾಲ್ಕು ಬದಿ ಸಮ ಇದ್ದರೆ ಸಾಲದು, ನಾಲ್ಕು ಮೂಲೆಯೂ ನೇರ ಇರಬೇಕು.

ಐಹೊಳೆಯ ದುರ್ಗ ಗುಡಿಗೆ ಹೋದಾಗಲೆಲ್ಲ ಇದು ನೆನಪಾಗುತ್ತದೆ. ಎದುರು ನಿಂತರೆ ಆಯತ ಎನಿಸುತ್ತದೆ. ಹಿಂದೆ ಹೋದರೆ ಗೋಡೆ ಆನೆಯ ಬೆನ್ನಿನಂತೆ ದುಂಡಗೆ ತಿರುಗಿದೆ. ಅದಕ್ಕೇ ಗಜಪೃಷ್ಠ ಎನ್ನುತ್ತಾರೆ. ಸುತ್ತು ಹಾಕದೆ ಆಕಾರದ ಹೆಸರು ಹೇಳಬಾರದು.

ಈಗ ಮನೆಯ ಮಕ್ಕಳಿಗೆ "ಇದು ಯಾವ ಆಕಾರ?" ಎಂದು ಕೇಳಿ ಬಿಡುವುದಿಲ್ಲ. "ಹೆಂಗ ಗೊತ್ತಾತು?" ಎಂದೂ ಕೇಳುತ್ತೇವೆ. ಕಣದ ಮೇಟಿಗೆ ಕಟ್ಟಿದ ಎತ್ತು ಯಾಕೆ ದುಂಡಗೇ ತಿರುಗುತ್ತದೆ? ಹಗ್ಗ ಎಲ್ಲ ಕಡೆಯೂ ಅಷ್ಟೇ ಉದ್ದ ಇರುವುದರಿಂದ. ಅದೇ ವೃತ್ತ. ನೀವೂ ಜಾಗ ಅಳೆಸುವಾಗ ಬದಿಯ ಜೊತೆ ಮೂಲೆಯಿಂದ ಮೂಲೆಗೂ ಒಮ್ಮೆ ಹಗ್ಗ ಹಿಡಿಯಿರಿ.