ಒಂದು ಡಾಲರಿನ ಗಡಿಯಾರ

1895ರಲ್ಲಿ ಜೋಶುವಾ ಸ್ಲೋಕಮ್ ಪುಟ್ಟ ಹಾಯಿದೋಣಿಯಲ್ಲಿ ಏಕಾಂಗಿಯಾಗಿ ಭೂಪ್ರದಕ್ಷಿಣೆಗೆ ಹೊರಟ. ಹಳೆಯ ಕ್ರೋನೋಮೀಟರಿನ ರಿಪೇರಿಗೆ 15 ಡಾಲರ್! ದುಬಾರಿಯೆಂದು ಅದನ್ನು ಬಿಟ್ಟ. ಒಂದೂವರೆ ಡಾಲರಿನ ತಗಡಿನ ಗಡಿಯಾರ, ಮುಖ ಒಡೆದಿದ್ದರಿಂದ ಒಂದೇ ಡಾಲರಿಗೆ ಸಿಕ್ಕಿತು. ದಾರಿಯಲ್ಲಿ ನಿಮಿಷದ ಮುಳ್ಳೂ ಹೋಯಿತು. ಗಡಿಯಾರವನ್ನೇ ನೀರಿನಲ್ಲಿ ಕುದಿಸಿದ, ಗಂಟೆಯನ್ನಾದರೂ ತೋರಿಸಿತು.

ನಾಲ್ಕು ನಿಮಿಷ ತಪ್ಪಿದರೆ ರೇಖಾಂಶ ಒಂದು ಡಿಗ್ರಿ ತಪ್ಪುತ್ತದೆ. ಸಮಭಾಜಕ ವೃತ್ತದ ಬಳಿ ಅದು ಸುಮಾರು 111 ಕಿಲೋಮೀಟರ್! ಆದರೂ ಆತ ದಾರಿ ತಪ್ಪಲಿಲ್ಲ. ಸೂರ್ಯ-ಚಂದ್ರರ ನಡುವಿನ ಕೋನ ಅಳೆದು, ಕೋಷ್ಟಕ ನೋಡಿ, ರೇಖಾಂಶ ಲೆಕ್ಕ ಹಾಕಲು ಆತನಿಗೆ ಗೊತ್ತಿತ್ತು. ಒಮ್ಮೆ ಕೋಷ್ಟಕದಲ್ಲಿದ್ದ ತಪ್ಪನ್ನೂ ಹಿಡಿದ.

1898ರ ಜೂನ್‌ನಲ್ಲಿ ಅಮೆರಿಕಕ್ಕೆ ಮರಳಿದ. ಹೀಗೆ ಒಂಟಿಯಾಗಿ ಭೂಮಿ ಸುತ್ತಿದವರಲ್ಲಿ ಆತನೇ ಮೊದಲಿಗ. ಮಕ್ಕಳಿಗೆ ದುಬಾರಿ ಉಪಕರಣ ಕೊಡಿಸಲಾಗಲಿಲ್ಲವೆಂದು ಹೆತ್ತವರು ಕೊರಗಬೇಕಿಲ್ಲ. ಲೆಕ್ಕ ಚೆನ್ನಾಗಿ ಕಲಿತವನಿಗೆ ಒಡೆದ ಗಡಿಯಾರವೂ ಸಾಕಾಗುತ್ತದೆ.