ಸೂರ್ಯಾಸ್ತ ತೋರಿಸುವ ಸೇತುವೆ

ರೈಲು ಹಳಿ ದಾಟಲೆಂದು ಕಟ್ಟಿದ ಸೇತುವೆಯ ಮೇಲೆ ಯಾರಾದರೂ ಕೂತು ಸಂಜೆ ಕಳೆಯುತ್ತಾರೆಯೇ? ಜರ್ಮನಿಯ ಮ್ಯೂನಿಕ್ ನಗರದಲ್ಲಿ ಕಳೆಯುತ್ತಾರೆ! ಅಲ್ಲಿನ ಹಾಕರ್‌ಬ್ರೂಕೆಗೆ ಬೇಸಿಗೆಯಲ್ಲಿ ಹೋದರೆ, ಕಬ್ಬಿಣದ ತೊಲೆಗಳ ಮೇಲೆ ಗುಬ್ಬಚ್ಚಿಗಳಂತೆ ಸಾಲಾಗಿ ಕುಳಿತ ಜನ ಕಾಣುತ್ತಾರೆ. ಎಲ್ಲರ ಮುಖವೂ ಪಡುವಣದ ಕಡೆಗೆ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 9 ಗಂಟೆ ದಾಟಿದ ಮೇಲೆ!

ಜರ್ಮನ್ ಭಾಷೆಯಲ್ಲಿ ‘ಬ್ರೂಕೆ’ ಎಂದರೆ ಸೇತುವೆ. ‘ಹಾಕರ್’ ಎಂಬುದು ಊರಿನ ಹಳೆಯ ಬಿಯರ್ ತಯಾರಿಕಾ ಸಂಸ್ಥೆಯೊಂದರ ಹೆಸರು. ಕಂಪ್ಯೂಟರಿಗೆ ಕನ್ನ ಹಾಕುವ ಹ್ಯಾಕರ್‌ಗಳಿಗೂ ಇದಕ್ಕೂ ನಂಟಿಲ್ಲ.

ಸೇತುವೆ ಕಟ್ಟಿದ್ದು 1890ರಿಂದ 1894ರವರೆಗೆ. ನದಿಯ ಮೇಲಿನ ಕಲ್ಲಿನ ಸೇತುವೆಗಳಲ್ಲಿ ಕಮಾನು ರಸ್ತೆಯ ಕೆಳಗಿರುತ್ತದೆ. ಇಲ್ಲಿ ಹಾಗೆ ಮಾಡಿದರೆ ಕಮಾನು ರೈಲುಗಳಿಗೆ ಅಡ್ಡವಾಗುತ್ತಿತ್ತು. ರಸ್ತೆಯನ್ನೇ ಇನ್ನಷ್ಟು ಎತ್ತರಿಸಿದರೆ ಗಾಡಿ ಎಳೆಯುವ ಕುದುರೆಗಳು ಏರು ಹತ್ತಿ ಸುಸ್ತಾಗುತ್ತಿದ್ದವು. ಅದಕ್ಕೇ ಕಮಾನುಗಳು ರಸ್ತೆಯ ಎರಡು ಬದಿಯಲ್ಲಿ ಮೇಲಕ್ಕೆ ಬಾಗಿ ನಿಂತಿವೆ. ತೊಟ್ಟಿಲು ಹಗ್ಗಕ್ಕೆ ತೂಗುವಂತೆ ರಸ್ತೆ ಅವುಗಳಿಗೆ ಜೋತುಕೊಂಡಿದೆ. ಅಂಥ ಆರು ಕಮಾನುಗಳು ಒಂದರ ಹಿಂದೊಂದು. ಒಂದೊಂದರ ಅಗಲ ಸುಮಾರು 29 ಮೀಟರ್.

ಕಬ್ಬಿಣದ ಪಟ್ಟಿಗಳನ್ನು ಜೋಡಿಸಿದ್ದು ರಿವೆಟ್‌ಗಳಿಂದ. ಕೆಂಪಗೆ ಕಾಯಿಸಿದ ಮೊಳೆಯನ್ನು ತೂತಿಗೆ ತೂರಿಸಿ, ಇನ್ನೊಂದು ತುದಿಯನ್ನು ಬಡಿದು ಚಪ್ಪಟೆ ಮಾಡುತ್ತಾರೆ. ತಣ್ಣಗಾಗುತ್ತ ಮೊಳೆ ಕುಗ್ಗಿದಾಗ ಪಟ್ಟಿಗಳು ಬಿಗಿಯಾಗಿ ಕಚ್ಚಿಕೊಳ್ಳುತ್ತವೆ.

ಎರಡನೇ ಮಹಾಯುದ್ಧದಲ್ಲಿ ಸೇತುವೆಗೆ ಪೆಟ್ಟಾಯಿತು. 1953ರಲ್ಲಿ ಅದನ್ನು ಮತ್ತೆ ಸರಿಪಡಿಸಿದರು. ಜರ್ಮನಿಯಲ್ಲಿ ಆ ಕಾಲದ ಇಂಥ ಕಬ್ಬಿಣದ ಕಮಾನು ಸೇತುವೆಗಳು ಈಗ ಉಳಿದಿರುವುದು ಕೆಲವೇ ಕೆಲವು.

ಸರಿ, ಸೂರ್ಯಾಸ್ತ ನೋಡಲು ಈ ಜಾಗವೇ ಏಕೆ? ಹಳಿಗಳು ಪೂರ್ವ ಪಶ್ಚಿಮವಾಗಿ ಹರಡಿವೆ. ಸೇತುವೆ ಅವುಗಳನ್ನು ಉತ್ತರ ದಕ್ಷಿಣವಾಗಿ ದಾಟುತ್ತದೆ. ಹಳಿಗಳ ಮೇಲೆ ಮನೆ ಕಟ್ಟುವಂತಿಲ್ಲವಲ್ಲ! ಹಾಗಾಗಿ ಕಿಕ್ಕಿರಿದ ನಗರದ ನಡುವೆಯೂ ಪಡುವಣದ ಆಕಾಶ ಬಟಾಬಯಲಾಗಿ ಉಳಿದಿದೆ. ರೈಲಿಗೆಂದು ಬಿಟ್ಟ ಜಾಗ ಜನರಿಗೆ ಬಾನನ್ನೂ ಉಳಿಸಿಕೊಟ್ಟಿತು.

ನಿಮ್ಮೂರಿನಲ್ಲೂ ಹಳಿಯ ಮೇಲೊಂದು ಸೇತುವೆ ಇದ್ದೀತು. ಅಪ್ಪ ಅಮ್ಮನ ಜೊತೆ ಅದನ್ನು ದಾಟುವಾಗ ಕಾಲುದಾರಿಯಲ್ಲೇ ಒಂದು ಕ್ಷಣ ನಿಲ್ಲಿ. ಕಟಕಟೆ ಮಾತ್ರ ಹತ್ತಬೇಡಿ, ಕೆಳಗೆ ವಿದ್ಯುತ್ ತಂತಿಗಳಿರುತ್ತವೆ. ಹಳಿಗಳು ಯಾವ ದಿಕ್ಕಿಗೆ ಓಡುತ್ತವೆ, ನೋಡಿ. ಪಡುವಣಕ್ಕಾದರೆ, ನಾಳೆ ಸಂಜೆಯೂ ಅಲ್ಲಿಗೇ ಬನ್ನಿ.